ಮಸೂರದ ಗೀರು

ಗಂಗಾವತಿಯ ಫೋಟೋಗ್ರಾಫರ್ ಕೊಟ್ರಬಸಪ್ಪ ಮೂರನೆಯ ಸಲ ತೆಗೆದ ಫೋಟೋದಲ್ಲೂ ಶೇಖರಮ್ಮನ ಮುಖ ಹೊಗೆಯೊಳಗೆ ಕೂತಂತೆಯೇ ಕಂಡಿತು. ಅಷ್ಟರೊಳಗೆ ಅವನು ಫೋಟೋ ತೊಳೆಯುವ ಔಷಧ ಬದಲಿಸಿದ್ದ, ಬಾವಿಯ ನೀರನ್ನೂ ಬೈದಿದ್ದ.

"ಮಗಳು ಹೈದರಾಬಾದಿನಾಗ ಬಾಣಂತಿ ಅದಾಳ. ಅವ್ವನ ಮಾರಿ ನೋಡಬೇಕಂತಾಳ. ಈ ದೆವ್ವನ ಕಳಸ್ಲೇನ್ರಿ?" ಎಂದು ಶೇಖರಮ್ಮ ರೇಗಿದಳು.

"ನೀವ ಅಲುಗಾಡಿರಬೇಕ್ರಿ, ಅವ್ವಾರ!"

"ಉಸರೂ ಬಿಟ್ಟಿಲ್ಲ ನಾನು! ಮೊದಲ ನಿಮ್ಮ ಡಬ್ಬಿ ಕಣ್ಣು ನೋಡ್ರಿ."

ಕೊಟ್ರಬಸಪ್ಪ ಸಿಟ್ಟಿನಿಂದಲೇ ಮಸೂರ ಕಳಚಿ ಬೆಳಕಿಗೆ ಹಿಡಿದ. ಹೋದ ತಿಂಗಳು ಹಿಟ್ನಾಳದ ಹಾದಿಯಲ್ಲಿ ಕ್ಯಾಮೆರಾ ಚಕ್ಕಡಿಯಿಂದ ಬಿದ್ದಾಗ ಗಾಜಿನ ಮೇಲೆ ಆಳವಾದ ಗೀರು ಮೂಡಿತ್ತು. ಬೆಳಕು ಅಲ್ಲೇ ಚದುರಿ ಚಿತ್ರವನ್ನೆಲ್ಲ ಮಬ್ಬಾಗಿಸುತ್ತಿತ್ತು. ಜರ್ಮನಿಯ ಮೇಲಿನ ಯುದ್ಧದಿಂದ ವಿಲಾಯತಿ ಮಾಲು ಬರುವುದೇ ನಿಂತಿರುವಾಗ ಹೊಸ ಮಸೂರ ಎಲ್ಲಿಂದ ತರುವುದು? ಅವನು ಗೊಣಗುತ್ತ, ಬೆಳಕು ಅಲ್ಲಿ ಚದುರದಂತೆ ಗೀರಿಗೆ ಕಪ್ಪು ಮಸಿ ತುಂಬಿದ.

ನಾಲ್ಕನೆಯ ಫೋಟೋ ತುಸು ಕಪ್ಪಗೆ ಬಂದರೂ ಮೂಗುತಿಯ ಹರಳು ಎಣಿಸುವಷ್ಟು ಸ್ಪಷ್ಟವಾಗಿತ್ತು.

ಶೇಖರಮ್ಮ ದಿಟ್ಟಿಸಿ ನೋಡಿದಳು. "ಇಷ್ಟು ಸುಕ್ಕು ನನ್ನವ ಏನ್ರಿ?"

ಕೊಟ್ರಬಸಪ್ಪ ಹಣೆ ಚಚ್ಚಿಕೊಂಡ.