ಸಜ್ಜನ ನಾಗರಿಕನ ನಾಲ್ಕು ಮುಖ

ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ದಾರಿಯಲ್ಲಿರುವ ನಮ್ಮೂರಿಗೆ ಕುಡಿಯುವ ನೀರಿನ ನಲ್ಲಿ ಬರುವ ಮೊದಲೇ ಕಲಾ ಸಮಿತಿ ಬಂತು. ರಾಜ್ಯ ಒಂದಾಗಿ ಎರಡು ವರ್ಷವಾಗಿತ್ತು. ಎಲ್ಲರಿಗೂ ಯಾವುದಾದರೊಂದು ಸಮಿತಿಯಲ್ಲಿ ಕೂರುವ ಆಸೆ. ಹರಿಕಥೆ, ನಾಟಕ, ಕೋಲಾಟ, ಗೋಡೆಯ ಮೇಲಿನ ಚಿತ್ರ, ಏನಿದ್ದರೂ ಪುರಸಭೆಯ ಈ ಸಮಿತಿ ಒಪ್ಪಬೇಕು. ಅಧ್ಯಕ್ಷರು ಕೋಟೆ ಬೀದಿಯ ಜಮೀನ್ದಾರ ತಿಮ್ಮಪ್ಪನವರು. ಅವರ ಮೊದಲ ಅಪ್ಪಣೆ, ನಾಟಕದ ದುರ್ಯೋಧನನ ಮೀಸೆ ತೆಗೆಸಬೇಕೆಂಬುದು. ಅದು ಅವರದನ್ನೇ ಹೋಲುತ್ತಿತ್ತಂತೆ. ಮೀಸೆಯಿಲ್ಲದ ದುರ್ಯೋಧನ ರಂಗಕ್ಕೆ ಬಂದಾಗ ಜನ ಗಾಂಧಾರಿ ಬಂದಳೆಂದು ತಿಳಿದರು.

ಆಮೇಲೆ ಸಮಿತಿಗೆ ಸರ್ಕಲ್ಲಿನಲ್ಲೊಂದು ಪ್ರತಿಮೆ ಬೇಕೆನಿಸಿತು. ನನ್ನ ಸೈಕಲ್ ಶಾಪು ಇದ್ದದ್ದು ಅಲ್ಲೇ, ಹಾಗಾಗಿ ಈ ಅವಾಂತರವೆಲ್ಲ ನನ್ನ ಕಣ್ಣೆದುರೇ ನಡೆಯಿತು. ಯಾರ ಪ್ರತಿಮೆ ಎಂದು ಜಗಳವಾಗಿ, ಕೊನೆಗೆ ಯಾರದೂ ಬೇಡ, ಸುಮ್ಮನೆ ‘ಸಜ್ಜನ ನಾಗರಿಕ’ ಎಂದಿರಲಿ ಎಂದು ತೀರ್ಮಾನಿಸಿದರು. ಕೆಲಸ ಕೇರಿಯ ಬೈರಯ್ಯನಿಗೆ ಬಂತು. ಅವನು ಚನ್ನರಾಯಪಟ್ಟಣದ ಮೇಸ್ತ್ರಿಯೊಬ್ಬರ ಹತ್ತಿರ ಗಾರೆ ಕೆಲಸ ಕಲಿತವನು. ಸಜ್ಜನ ಎಂದರೆ ಅವನಿಗೆ ಗೊತ್ತಿದ್ದದ್ದು ಒಂದೇ ಮುಖ, ಹಿಂದಿನ ವರ್ಷ ತೀರಿಕೊಂಡ ಅಪ್ಪ ಹುಚ್ಚಯ್ಯನದು. ಅದನ್ನೇ ಮಾಡಿಟ್ಟ. ಹುಚ್ಚಯ್ಯ ಜೀವಮಾನವೆಲ್ಲ ದುಡಿದದ್ದು ತಿಮ್ಮಪ್ಪನವರ ಗದ್ದೆಯಲ್ಲಿ. ಆದರೆ ಅವರು ಒಂದು ದಿನವೂ ಅವನ ಮುಖ ನೋಡಿ ಮಾತಾಡಿದವರಲ್ಲ, ಗುರುತು ಸಿಗಲಿಲ್ಲ. ಲಕ್ಷಣವಾಗಿದೆ ಎಂದು ಒಪ್ಪಿಬಿಟ್ಟರು.

ಬೈರಯ್ಯನ ತಾಯಿ ಮುದ್ದಮ್ಮ ನನ್ನ ಅಂಗಡಿಯ ಪಕ್ಕ ನಿಂತು ನೋಡಿದಳು. ಸೆರಗು ಬಾಯಿಗೆ ಹೋಯಿತು.

“ನಿಮ್ಮಪ್ಪನೇ ಕಣ್ಲಾ,” ಎಂದಳು ಮಗನಿಗೆ. “ಒಂದು ಫೋಟ ಸೈತ ಇರ್ಲಿಲ್ಲ. ನಮ್ಮನೆ ಬಾಗ್ಲಿಂದ ಮುಖ ಕಾಣೋ ಅಂಗೆ ನಿಲ್ಸು ಮಗ. ನಂಗಿನ್ನೇನೂ ಬ್ಯಾಡ.”

ಪ್ರತಿಮೆಗೆ ಮುಖವಿದ್ದರೆ ಬೆನ್ನೂ ಇರುತ್ತದೆ ಎಂಬುದು ಸಮಿತಿಗೆ ಅದನ್ನು ನಿಲ್ಲಿಸುವ ದಿನವೇ ಹೊಳೆದದ್ದು. ಸರ್ಕಲ್ಲಿಗೆ ಕೋಟೆ ಬೀದಿ, ಪೇಟೆ ಬೀದಿ, ಹಾಸನದ ರಸ್ತೆ, ಕೇರಿಯ ದಾರಿ, ಹೀಗೆ ನಾಲ್ಕು ದಿಕ್ಕು.

“ಸಜ್ಜನ ನನ್ ಮಿಲ್ಲಿಗೆ ಬೆನ್ನು ಆಕ್ಕಂಡು ನಿಂತ್ರೆ ಯಾಪಾರ ಉಳೀತದಾ?” ಎಂದು ಪೇಟೆಯ ರೈಸ್ ಮಿಲ್ಲಿನ ದೇವರಾಜು ಪಟ್ಟು ಹಿಡಿದು ಕೂತರು. ಅವರೂ ಸಮಿತಿಯ ಸದಸ್ಯರು.

ಕೊನೆಗೆ ಎತ್ತಿನ ಗಾಡಿಯ ಚಕ್ರವೊಂದನ್ನು ಮಲಗಿಸಿ, ಅದರ ಮೇಲೆ ಪ್ರತಿಮೆ ಕೂರಿಸಿ, ಸೋಮವಾರ ಸೋಮವಾರ ತಿರುಗಿಸುವುದೆಂದಾಯಿತು. ಒಂದು ವಾರ ಕೋಟೆ ಬೀದಿಗೆ ಮುಖ, ಒಂದು ವಾರ ಪೇಟೆಗೆ, ಒಂದು ವಾರ ಹಾಸನದ ರಸ್ತೆಗೆ.

“ಕೇರಿಗೂ ಒಂದ್ವಾರ ಕೊಡಿ ಸಾ,” ಎಂದು ಬೈರಯ್ಯ ಕೇಳಿದ.

“ತಿರುಗ್ಸುವಾಗ ಎಂಗೂ ಮುಖ ನಿಮ್ ಕಡೆಗೂ ಆದೋಗ್ತದಲ್ಲಯ್ಯ. ಸಾಲ್ದಾ?” ಎಂದರು ತಿಮ್ಮಪ್ಪನವರು, ಬಹಳ ಉದಾರವಾಗಿ.

ಹಾಗಾಗಿ ಮುದ್ದಮ್ಮ ಸೋಮವಾರ ಕೂಲಿ ಬಿಟ್ಟು ಬಾಗಿಲಲ್ಲಿ ಕೂರುತ್ತಿದ್ದಳು. ತಿರುಗಿಸುವ ಕೆಲಸ ಬೈರಯ್ಯನದೇ. ಮುಖ ಕೇರಿಯ ಕಡೆ ಬಂದಾಗ ಅವನಿಗೆ ಬೀಡಿ ಸೇದಬೇಕೆನಿಸುತ್ತಿತ್ತು. ಬೀಡಿ ಮುಗಿಯುವಷ್ಟರಲ್ಲಿ ತಿಮ್ಮಪ್ಪನವರ ಆಳು ಬಂದು ಗದರುತ್ತಿದ್ದ.

ಅಷ್ಟರಲ್ಲಿ ಸಮಿತಿ ಸಾಂಸ್ಕೃತಿಕ ಸಪ್ತಾಹ ಏರ್ಪಡಿಸಿ, ಉದ್ಘಾಟನೆಗೆ ಹಾಸನದಿಂದ ದೊಡ್ಡ ಅಧಿಕಾರಿಯೊಬ್ಬರನ್ನು ಕರೆಯಿತು. ಸಪ್ತಾಹ ಇನ್ನೂ ಹದಿನೈದು ದಿನವಿದೆ ಎನ್ನುವಾಗ ಚಕ್ರ ಕಚ್ಚಿಕೊಂಡಿತು, ಮುಖ ನೇರ ಕೇರಿಗೆ. ಹಿಂದಿನ ಸಂಜೆ ಬೈರಯ್ಯ ಚಕ್ರಕ್ಕೆ ಕೀಲೆಣ್ಣೆ ಹಾಕುತ್ತೇನೆಂದು ಬಾಂಡ್ಲಿ ತುಂಬ ಸಿಮೆಂಟು ಹೊತ್ತು ಹೋದದ್ದನ್ನು ನಾನು ನೋಡಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ, ಕೇಳಿದ್ದರೂ ಹೇಳುತ್ತಿರಲಿಲ್ಲ.

ಒಡೆದರೆ ಸಜ್ಜನನ ಕೊಲೆಯಾದಂತೆ ಎಂದು ದೇವರಾಜು ಹೆದರಿಸಿದರು. ಆದ್ದರಿಂದ ಉಳಿದ ಮೂರು ದಿಕ್ಕಿಗೂ ಒಂದೊಂದು ಮುಖ ಕೂರಿಸಲು ಠರಾವಾಯಿತು. ಸಜ್ಜನ ಹೇಗಿರುತ್ತಾನೆಂದು ತೋರಿಸಲು ತಿಮ್ಮಪ್ಪನವರೇ ಮಾದರಿಯಾಗಿ ಕುರ್ಚಿ ಹಾಕಿಕೊಂಡು ಕೂತರು, ಮಾರನೆಯ ದಿನ ದೇವರಾಜು. ಹಾಸನದ ರಸ್ತೆಯಲ್ಲಿ ಸದಸ್ಯರು ಯಾರೂ ಇರಲಿಲ್ಲ, ಅಲ್ಲಿಗೆ ಇಬ್ಬರನ್ನೂ ಕಲಸಿ ಒಂದು ಮುಖ ಮಾಡಿದರು. ಅದು ಯಾರಿಗೂ ಸೇರದ ಮುಖವಾಯಿತು.

ಅಧಿಕಾರಿ ಬಂದರು. ಜೀಪಿನಿಂದ ಇಳಿದು ನಾಲ್ಕು ಮುಖವನ್ನೂ ನೋಡಿ, ಬೂಟು ಬಿಚ್ಚಿ ಕೈ ಮುಗಿದರು.

“ಬ್ರಹ್ಮನಿಗೆ ಗುಡಿಗಳು ಕಡಿಮೆ. ನಿಮ್ಮ ಊರು ಪುಣ್ಯವಂತ ಊರು,” ಎಂದರು.

ಅಷ್ಟು ದೊಡ್ಡವರನ್ನು ತಿದ್ದುವುದು ಹೇಗೆ? ತಿಮ್ಮಪ್ಪನವರೂ ಚಪ್ಪಲಿ ಬಿಟ್ಟರು. ಯಾರೋ ತೆಂಗಿನಕಾಯಿ ಒಡೆದರು. ಮಾರನೆಯ ದಿನ ಸಮಿತಿ ತುರ್ತು ಸಭೆ ಸೇರಿ, ಸಜ್ಜನ ನಾಗರಿಕನನ್ನು ದೇವರೆಂದು ಬಹುಮತದಿಂದ ಅಂಗೀಕರಿಸಿತು. ಅರ್ಚಕರು ಬಂದರು, ಸುತ್ತ ಬೇಲಿ ಬಂತು. ಕೇರಿಯವರು ಬೇಲಿಯಿಂದಾಚೆ, ಚರಂಡಿಯ ಹತ್ತಿರ ನಿಲ್ಲಬೇಕೆಂಬ ಮಾತೂ ಬಂತು. ಅಸ್ಪೃಶ್ಯತೆ ಅಪರಾಧವೆಂದು ಕಾನೂನಾಗಿ ಮೂರು ವರ್ಷವಾಗಿತ್ತು, ಸಮಿತಿಗೆ ಅದು ಕಲೆಯ ವಿಷಯವಾಗಿ ಕಾಣಲಿಲ್ಲ. ತನ್ನ ಕೈಯಿಂದ ಮೆತ್ತಿ ಮಾಡಿದ್ದನ್ನು ಬೈರಯ್ಯ ಮುಟ್ಟುವಂತಿಲ್ಲ.

“ಅದು ನಮ್ಮಪ್ಪ ಅಂತ ಕೂಗಿ ಏಳ್ಬುಡ್ತೀನಿ,” ಎಂದು ಬೈರಯ್ಯ ಎದ್ದ.

ಮುದ್ದಮ್ಮ ಅವನ ರಟ್ಟೆ ಹಿಡಿದಳು. “ಬಾಯ್ಬುಟ್ರೆ ಆ ಮುಖ ಒಡ್ದಾಕ್ತಾರೆ. ಸುಮ್ಕಿರು. ಬಾಗ್ಲಿಂದ ಕಾಣ್ತದಲ್ಲ.”

ಅಂದಿನಿಂದ ಬೆಳಿಗ್ಗೆ ಬೆಳಿಗ್ಗೆ ಅವಳು ಚರಂಡಿಯ ಬಳಿ ಬಂದು ನಿಲ್ಲತೊಡಗಿದಳು. ಕೇರಿಯ ಕಡೆಯ ಮುಖಕ್ಕೇ ಕಳೆ ಹೆಚ್ಚು ಎಂದು ಅರ್ಚಕರು ಹೇಳಿದ್ದರಿಂದ ತಿಮ್ಮಪ್ಪನವರು ದಿನವೂ ಅಲ್ಲೇ ಉದ್ದಕ್ಕೆ ಅಡ್ಡ ಬೀಳುತ್ತಿದ್ದರು. ತಮ್ಮ ಜಗಲಿಗೆ ಎಂದೂ ಹತ್ತಿಸದ ಹುಚ್ಚಯ್ಯನ ಎದುರು ಅವರು ಮಣ್ಣಿನಲ್ಲಿ ಮೂಗು ಇಟ್ಟಿರುವುದನ್ನು ಅವಳು ನೋಡುತ್ತಿದ್ದಳು. ನಗುತ್ತಿರಲಿಲ್ಲ. ಗಂಡನನ್ನಷ್ಟೇ ನೋಡುತ್ತಿದ್ದಳು.

ಒಂದು ಬೆಳಿಗ್ಗೆ ಅರ್ಚಕರು ಅಭಿಷೇಕದ ಹಾಲಿನ ತಂಬಿಗೆ ಹಿಡಿದು, ಬೇಲಿಯ ಒಳಗಿನಿಂದಲೇ ಕೇಳಿದರು.

“ದಿನಾ ಬರ್ತೀಯಲ್ಲಮ್ಮ. ಏನು ಹರಕೆ?”

“ಅರ್ಕೆ ಗಿರ್ಕೆ ಏನಿಲ್ಲ ಸಾಮಿ,” ಎಂದಳು ಮುದ್ದಮ್ಮ. “ಆಲು ಒಸಿ ಕಮ್ಮಿ ಉಯ್ರಿ. ಅವರ್ಗೆ ಆಲು ಕುಡುದ್ರೆ ಒಟ್ಟೆ ನೋಯ್ತಿತ್ತು.”