ಹನ್ನೆರಡು ಬಾಗಿಲ ಮನೆಯ ಒಂದೇ ಚರಂಡಿ

ಹನ್ನೆರಡು ಬಾಗಿಲ ಆ ಮನೆಯ ಅಂಗಳದಲ್ಲಿ ಬೆಳಕು ಹರಿಯುವ ಹೊತ್ತಿಗೆ ಹನ್ನೆರಡು ಪೊರಕೆಗಳ ಸದ್ದು ಕೇಳುತ್ತಿತ್ತು. ಆ ಮನೆಯವರನ್ನು ಯಾರೂ ಸೋಮಾರಿಗಳೆನ್ನುವಂತಿರಲಿಲ್ಲ. ತಮ್ಮ ತಮ್ಮ ಬಾಗಿಲ ಮುಂದಿನ ನೆಲವನ್ನು ಎಲ್ಲರೂ ಚೊಕ್ಕಟವಾಗಿ ಗುಡಿಸುತ್ತಿದ್ದರು. ಗುಡಿಸಿದ್ದನ್ನೆಲ್ಲ ಅಂಗಳದ ಅಂಚಿನ ಚರಂಡಿಗೆ ತಳ್ಳಿ ಕೈ ಕೊಡವಿಕೊಳ್ಳುತ್ತಿದ್ದರು. ನೀರು ಕುಡಿದು ಬಿಸಾಡಿದ ಪ್ಲಾಸ್ಟಿಕ್ ಪೊಟ್ಟಣ, ಮೀನಿನ ಹುರುಪೆ, ಗೆಣಸಿನ ಸಿಪ್ಪೆ, ಮರಳು, ಎಲ್ಲವೂ ಅಲ್ಲಿಗೇ. ಮಳೆ ಬಂದರೆ ಸಮುದ್ರಕ್ಕೆ ಹೋಗುತ್ತದೆ ಎಂಬುದು ಅವರ ಲೆಕ್ಕ.

ಮಳೆ ಬಂತು. ಚರಂಡಿಯಲ್ಲಿದ್ದುದು ಸಮುದ್ರಕ್ಕೆ ಹೋಗಲಿಲ್ಲ, ಅಂಗಳಕ್ಕೆ ಬಂತು.

ಘಾನಾದ ಕಡಲತೀರದ ಅಬುರಾನೊ ಎಂಬ ಊರಿನಲ್ಲಿರುವ ಈ ಮನೆ ಒಬ್ಬರದಲ್ಲ. ತಾಯಿಯ ಕಡೆಯ ಇಡೀ ಬಳಗದ್ದು. ಬಳಗದವರಲ್ಲಿ ಕೆಲವರು ಕೋಣೆಗಳಲ್ಲಿದ್ದಾರೆ, ಹಲವರು ದೊಡ್ಡ ಊರು ಸೇರಿದ್ದಾರೆ. ಬಾಗಿಲಿಗೆ ಒಬ್ಬೊಬ್ಬ ಒಡೆಯನಿದ್ದ. ಚರಂಡಿಗೆ ಯಾರೂ ಇರಲಿಲ್ಲ.

ಮೂರನೆಯ ಬಾಗಿಲಿನ ಮಾನ್ಸಾ ಮಾತ್ರ ಕೋಲು ಹಿಡಿದು ಆಗಾಗ ಅದರ ಬಾಯಿ ಬಿಡಿಸುತ್ತಿದ್ದಳು. ಅರವತ್ತೆರಡು ವರ್ಷದ ಹೆಂಗಸು. ಹುಳಿ ಬರಿಸಿದ ಮೆಕ್ಕೆಜೋಳದ ಹಿಟ್ಟನ್ನು ಬಾಳೆ ಎಲೆಯಲ್ಲಿ ಸುತ್ತಿ ಬೇಯಿಸಿ, ಕೆಂಕೆ ಎಂಬ ಆ ತಿನಿಸು ಮಾರಿ ಬದುಕುವವಳು. ಅವಳ ದೊಡ್ಡ ಹಂಡೆ, ಮೂರು ಕಲ್ಲಿನ ಒಲೆ ಎರಡೂ ಚರಂಡಿಯಿಂದ ಐದು ಹೆಜ್ಜೆ ದೂರದಲ್ಲಿದ್ದವು. ಮಳೆ ನಿಂತ ಆ ದಿನ ಮೊಣಕಾಲ ನೋವಿಗೆ ಅವಳು ಕೋಲು ಕೆಳಗಿಟ್ಟು ಕೂತೇಬಿಟ್ಟಿದ್ದಳು. ಆಗಲೇ ಊರಿನ ಆರೋಗ್ಯ ನಿರೀಕ್ಷಕಿ ಪೇಷೆನ್ಸ್ ಖಾಕಿ ಅಂಗಿ ತೊಟ್ಟು ಒಳಗೆ ಬಂದಳು.

ಅವಳು ಚರಂಡಿ ನೋಡಿದಳು, ಹಂಡೆ ನೋಡಿದಳು, ಒಂದು ಕಾಗದ ಬರೆದಳು. ಮಾನ್ಸಾ ಕನ್ನಡಕಕ್ಕಾಗಿ ತಡಕಾಡುವುದನ್ನು ಕಂಡು ತಾನೇ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಓದಿ ಹೇಳಿದಳು.

“ಹದಿನಾಲ್ಕು ದಿನ ಕೊಟ್ಟಿದೀನಿ ಅಮ್ಮಾ. ಅಷ್ಟರೊಳಗೆ ಚರಂಡಿಯ ಹೂಳು ತೆಗೀಬೇಕು, ಕಸಕ್ಕೆ ಬೇರೆ ದಾರಿ ಮಾಡ್ಬೇಕು. ಇಲ್ಲಾಂದ್ರೆ ಇಲ್ಲಿ ಊಟದ ಒಲೆ ಹಚ್ಚೋ ಹಾಗಿಲ್ಲ.”

“ನನ್ನ ಒಲೇನಾ? ಈ ಮನೇಲಿ ಚರಂಡಿಗೆ ಕೋಲು ಹಾಕೋಳು ನಾನೊಬ್ಬಳೇ ಕಣಮ್ಮ. ನನಗೇ ಕಾಗದ ಕೊಡ್ತೀಯಲ್ಲ!”

“ಗೊತ್ತಮ್ಮ. ಆದ್ರೆ ಈ ನೀರಿನ ಪಕ್ಕ ಬೇಯಿಸಿದ್ದನ್ನ ಊರ ಮಕ್ಕಳು ತಿಂತಾವೆ.” ಪೇಷೆನ್ಸ್ ಬಗ್ಗಿ ಕೋಲಿನ ತುದಿಯಿಂದ ಒಂದು ಕಪ್ಪು ಮುದ್ದೆ ಎತ್ತಿ ತೋರಿಸಿದಳು. “ಇದೇನು ಹೇಳಿ?”

ಬಾಳೆ ಎಲೆಯ ದಂಟು. ಇನ್ನೊಂದು ಎತ್ತಿದಳು, ಅದೂ ದಂಟು. ಕೆಂಕೆಗೆಂದು ಎಲೆ ಸೀಳಿದಾಗ ಉಳಿಯುವ ದಂಟುಗಳನ್ನು ಮಾನ್ಸಾ ತಾನೇ ಅಲ್ಲಿಗೆ ತಳ್ಳುತ್ತಿದ್ದಳು. ಎಲೆಯಲ್ಲವೇ, ಕೊಳೆತು ಹೋಗುತ್ತದೆ ಎಂದು. ಪ್ಲಾಸ್ಟಿಕ್ ಪೊಟ್ಟಣಗಳೆಲ್ಲ ಆ ದಂಟುಗಳಿಗೇ ಸಿಕ್ಕಿ ಕೂತಿದ್ದವು.

ಪೇಷೆನ್ಸ್ ಅದನ್ನು ದೊಡ್ಡದು ಮಾಡಲಿಲ್ಲ. “ಎಲ್ಲರೂ ಮಾಡೋ ತಪ್ಪೇ” ಎಂದು ಕೈ ತೊಳೆದುಕೊಂಡಳು. ಉಳಿದ ನೀರನ್ನು ಚೆಲ್ಲದೆ ಮಾನ್ಸಾಳ ಕಾಲಿಗೆ ಹುಯ್ದು, ಅಂಟಿದ್ದ ಕೆಸರು ತೊಳೆದಳು.

ಮರುದಿನ ಮಂಗಳವಾರ. ಆ ದಿನ ಯಾರೂ ಕಡಲಿಗೆ ಇಳಿಯುವುದಿಲ್ಲ, ಸಮುದ್ರಕ್ಕೂ ಬಿಡುವು ಬೇಕು ಎಂಬ ಕಟ್ಟಳೆ. ಮಾನ್ಸಾಳ ದೊಡ್ಡಮ್ಮನ ಮಗ ಎಬೊ ಅಂಗಳದಲ್ಲೇ ಬಲೆ ಹರವಿಕೊಂಡು ಕೂತಿದ್ದ. ಮಾನ್ಸಾ ಕಾಗದವನ್ನು ಅವನ ಮುಂದಿಟ್ಟಳು.

“ಆ ಖಾಕಿ ಹುಡುಗಿಗೆ ಬೇರೆ ಕೆಲಸ ಇಲ್ವಾ ಅಕ್ಕಾ? ನಮ್ಮಜ್ಜಿ ಕಾಲದಿಂದ ಚರಂಡಿಗೇ ಹಾಕ್ತಿದೀವಿ. ಅಜ್ಜಿ ತೊಂಬತ್ತು ವರ್ಷ ಬದುಕಿದ್ಲು.”

“ಅಜ್ಜಿ ಕಾಲದಲ್ಲಿ ನೀರು ಸೋರೆಬುರುಡೇಲಿ ಕುಡೀತಿದ್ರು ಕಣೋ. ಒಡೆದ ಬುರುಡೆ ಮಣ್ಣಾಗ್ತಿತ್ತು. ನೀನು ದಿನಕ್ಕೆ ಹತ್ತು ಪೊಟ್ಟಣ ಹೀರಿ ಉಗೀತೀಯ. ಅದು ಯಾವ ಜನ್ಮಕ್ಕೆ ಮಣ್ಣಾಗತ್ತೆ?”

“ಹೋದ ವರ್ಷ ತೆಗೆದಿದ್ವಲ್ಲ ಚರಂಡೀನ. ಮತ್ತೆ ತುಂಬ್ಕೊಳ್ತು. ಏನ್ ಪ್ರಯೋಜನ ಹೇಳು.”

“ತೆಗೆದು ದಡದ ಮೇಲೇ ಗುಡ್ಡೆ ಹಾಕಿದ್ರಿ. ಎರಡು ಮಳೆಗೆ ಅದೇ ಹೂಳು ವಾಪಸ್ ಒಳಗೆ ಹೋಯ್ತು.”

“ಹಾಗಾದ್ರೆ ನಾನಾ ಎಜಿರ್ ಹತ್ರ ಹೋಗು. ಬಳಗದ ಹಿರಿಯ ಅವರು. ಮನೆ ಅವರದ್ದು, ಚರಂಡಿ ಅವರದ್ದು. ನನ್ನದು ಏಳನೇ ಬಾಗಿಲು ಮಾತ್ರ.”

ನಾನಾ ಎಜಿರ್ ಮೊದಲನೆಯ ಬಾಗಿಲ ಮುಂದೆ ಆರಾಮಕುರ್ಚಿಯಲ್ಲಿದ್ದರು. ಕಾಗದವನ್ನು ಎರಡೂ ಬದಿ ತಿರುಗಿಸಿ ನೋಡಿದರು.

“ಬಳಗದ ಸಭೆ ಕರೀಬೇಕು ಮಗಳೇ. ಅಕ್ರಾದವರು, ಟಕೊರಾಡಿಯವರು ಎಲ್ಲ ಸೇರಿದ ಮೇಲೆ ತೀರ್ಮಾನ ಮಾಡೋಣ.”

“ಅವರೆಲ್ಲ ಯಾವಾಗ ಸೇರ್ತಾರೆ ನಾನಾ?”

ಮುದುಕ ಯೋಚಿಸಿದರು. “ಯಾರಾದ್ರೂ ಸತ್ತಾಗ ಸೇರೇ ಸೇರ್ತಾರೆ.”

ಎಬೊ ನಕ್ಕುಬಿಟ್ಟ. ಮಾನ್ಸಾ ನಗಲಿಲ್ಲ. ದಣಿದವಳು, ಕೂಗುವ ಶಕ್ತಿಯೂ ಇರಲಿಲ್ಲ. ನೆಲದ ಮೇಲೇ ಕೂತು ಮೆಲ್ಲಗೆ ಮಾತಾಡಿದಳು.

“ನಮ್ಮ ಸೋದರಮಾವ ಅಟ್ಟಾ ಎರಡು ಮಳೆಗಾಲ ಸೋರೋ ಕೋಣೇಲಿ ಮಲಗಿದ್ರು. ಹಾಸಿಗೆ ಪಕ್ಕ ಬಕೆಟ್ ಇಟ್ಕೊಂಡಿದ್ರು. ‘ಒಂದು ತಗಡು ಬದಲಾಯಿಸ್ರೋ’ ಅಂತ ಕೇಳ್ತಾನೇ ಇದ್ರು. ಸತ್ತ ಮೇಲೆ, ಹೆಣ ಆಸ್ಪತ್ರೇಲಿದ್ದ ಹತ್ತೇ ದಿನ! ತಗಡು ಬಂತು, ಬಿಳಿ ಬಣ್ಣ ಬಂತು, ಚರಂಡಿ ಕ್ಲೀನಾಯ್ತು. ಮಣ್ಣು ಮಾಡೋಕೆ ಬಂದ ಜನ ‘ಎಂಥಾ ಮನೆ!’ ಅಂತ ಹೊಗಳಿದ್ರು. ಅವರು ಪೆಟ್ಟಿಗೇಲಿ ಮಲಗಿದ್ರು, ಅಷ್ಟೇ.”

ಎಬೊನ ಕೈಯಲ್ಲಿ ಬಲೆಯ ಸೂಜಿ ನಿಂತಿತ್ತು. ಆ ಮಾವನೇ ಅವನಿಗೆ ಬಲೆ ಹೆಣೆಯಲು ಕಲಿಸಿದವರು.

“ನಾನೂ ಒಂದಿನ ಹೋಗೋಳೇ” ಎಂದಳು ಮಾನ್ಸಾ. “ಆಗ ಏನೇನು ಮಾಡ್ತೀರೋ ಅದನ್ನ ಈಗ ಮಾಡಿ. ಬಣ್ಣ ಬೇಡ, ಶಾಮಿಯಾನ ಬೇಡ, ವಾದ್ಯ ಬೇಡ. ಚರಂಡಿ ಒಂದು ಸಾಕು. ನಾನು ಕಣ್ಣಾರೆ ನೋಡ್ತೀನಿ. ಒಲೆ ಹೋದ್ರೆ ನಾನು ತಿನ್ನೋದೇನು?”

ನಾನಾ ಎಜಿರ್ ಊರುಗೋಲಿನ ಹಿಡಿ ಹಿಡಿದು ಕುರ್ಚಿಯಲ್ಲಿ ನೆಟ್ಟಗೆ ಕೂತರು. ಆಮೇಲೆ, “ಎಬೊ, ಸಾವಿನ ಸುದ್ದಿ ಹೇಳಿ ಕಳಿಸೋ ಹಾಗೆ ಎಲ್ಲಾ ಬಾಗಿಲಿಗೂ ಹೇಳು. ಮುಂದಿನ ಮಂಗಳವಾರ. ಅಕ್ರಾದವರಿಗೆ ನಾನೇ ಫೋನ್ ಮಾಡ್ತೀನಿ. ಬರದೇ ಇದ್ದೋರು ನನ್ನ ಸಾವಿಗೂ ಬರೋದು ಬೇಡ” ಎಂದರು.

ಮುಂದಿನ ಮಂಗಳವಾರ ಹನ್ನೆರಡರಲ್ಲಿ ಹತ್ತು ಬಾಗಿಲಿನವರು ಬಂದರು. ಅಕ್ರಾದಿಂದ ಯಾರೂ ಬರಲಿಲ್ಲ, ಎರಡು ಸಲಿಕೆ ಮಾತ್ರ ಬಂದವು. ಪೇಷೆನ್ಸ್ ಮೊಣಕಾಲುದ್ದದ ಬೂಟು ಹಾಕಿಕೊಂಡು, ಹೂಳು ಸಾಗಿಸಲು ಒಂದು ಗಾಡಿ ಕರೆಸಿಕೊಂಡು ತಾನೂ ಬಂದಳು. ಎಬೊ ಎಲ್ಲರಿಗಿಂತ ಮೊದಲು ಸೊಂಟದವರೆಗೆ ಚರಂಡಿಗಿಳಿದ.

“ದಡದ ಮೇಲೆ ಹಾಕ್ಬೇಡಿ ಅಣ್ಣಾ!” ಎಂದು ಪೇಷೆನ್ಸ್ ಕೂಗಿದಳು. “ಹೂಳು ನೇರ ಗಾಡಿಗೆ ಹೋಗ್ಲಿ. ಇವತ್ತೇ ಹೋಗ್ಬೇಕು.”

“ಈ ಚರಂಡೀಲಿ ಸಿಕ್ಕಷ್ಟು ಹೋದ ವಾರ ನನ್ನ ಬಲೇಲಿ ಸಿಕ್ಕಿರಲಿಲ್ಲ ತಾಯಿ” ಎಂದ ಎಬೊ. ಅಂಗಳವೆಲ್ಲ ನಕ್ಕಿತು. ನಗದಿದ್ದ ಮಾನ್ಸಾಳ ಬಾಯಿಯೂ ಸ್ವಲ್ಪ ಓರೆಯಾಯಿತು.

ಮಧ್ಯಾಹ್ನ ಪೇಷೆನ್ಸ್ ಗೋಡೆಗೆ ಎರಡು ಚೀಲ ಕಟ್ಟಿಸಿದಳು. ಒಂದು ನೀರಿನ ಪೊಟ್ಟಣಕ್ಕೆ, ಬಾಟಲಿಗೆ. ಹದಿನೈದು ದಿನಕ್ಕೊಮ್ಮೆ ಕೊಳ್ಳುವವನು ಬಂದು ಒಯ್ಯುತ್ತಾನೆ. ಇನ್ನೊಂದು ಉಳಿದ ಒಣಕಸಕ್ಕೆ. ಅದು ಗುರುವಾರ ಕಸ ಒಯ್ಯಲು ಬರುವ ಮೂರು ಗಾಲಿಯ ಗಾಡಿಗೆ. ಸಿಪ್ಪೆ, ದಂಟು, ಹುರುಪೆ ಹಿತ್ತಲಲ್ಲಿ ತೋಡಿದ ಗುಂಡಿಗೆ, ಮೇಲೊಂದು ಹಿಡಿ ಬೂದಿ. ಗೋಡೆಯಿಂದ ರಸ್ತೆಯವರೆಗಿನ ಚರಂಡಿ ಮನೆಯವರದೇ ಜವಾಬ್ದಾರಿ ಎಂಬುದು ಊರಿನ ನಿಯಮ. ವಾರಕ್ಕೊಂದು ಬಾಗಿಲಿನಂತೆ ಪಾಳಿ ಎಂದು ನಾನಾ ಎಜಿರ್ ಸೀಮೆಸುಣ್ಣದಲ್ಲಿ ಬಾಗಿಲುಗಳ ಮೇಲೆ ಗುರುತು ಹಾಕಿದರು. ಮೊದಲ ಗುರುತು ತಮ್ಮ ಬಾಗಿಲಿಗೆ.

“ಎಷ್ಟು ದಿನ ನಡೆಯುತ್ತೋ ಇದು” ಎಂದಳು ಮಾನ್ಸಾ.

“ನನಗೂ ಗೊತ್ತಿಲ್ಲ ಅಮ್ಮಾ” ಎಂದಳು ಪೇಷೆನ್ಸ್. “ಮೂವತ್ತು ಮನೆಗೆ ಕಾಗದ ಕೊಟ್ಟಿದೀನಿ. ನನ್ನ ಕಾಲೂ ನೋಯುತ್ತೆ.” ಮಾನ್ಸಾ ಎದ್ದು ಹೋಗಿ ಒಂದು ಬಿಸಿ ಕೆಂಕೆ, ಎರಡು ಹುರಿದ ಮೀನು ತಂದು ಅವಳ ಕೈಗಿಟ್ಟಳು.

ಹದಿಮೂರನೆಯ ದಿನ ಜೋರು ಮಳೆ. ಮಾನ್ಸಾ ಬಾಗಿಲಲ್ಲಿ ನಿಂತು ನೋಡಿದಳು. ನೀರು ತಿರುಗಿ ಬರಲಿಲ್ಲ. ಗುಳುಗುಳು ಎನ್ನುತ್ತ ರಸ್ತೆಯ ಕಡೆ ಹೋಯಿತು. ಮರುದಿನ ಪೇಷೆನ್ಸ್ ಬಂದು, ಒಣಗಿದ ಅಂಗಳ ನೋಡಿ, ಕಾಗದದ ಕೆಳಗೆ ‘ಒಲೆ ಮುಂದುವರಿಯಬಹುದು’ ಎಂದು ಬರೆದು ಸಹಿ ಹಾಕಿದಳು. ಮಾನ್ಸಾ ಅದನ್ನು ಎರಡು ಸಲ ಓದಿಸಿಕೊಂಡಳು.

ಅಂದಿನ ಪಾಳಿ ಅವಳದು ಅಲ್ಲ. ಆದರೂ ಅಭ್ಯಾಸಬಲದಿಂದ ಕೋಲಿಗೆ ಕೈ ಚಾಚಿದಳು. ಎಬೊ ಎಲ್ಲಿಂದಲೋ ಬಂದು ಅದನ್ನು ತೆಗೆದುಕೊಂಡ.

“ಕೂತ್ಕೋ ಅಕ್ಕಾ. ನಿನ್ನ ಸಾವಿನ ಕೆಲಸ ಮುಗಿಸಿದೀವಿ. ಇನ್ನು ನೆಮ್ಮದಿಯಾಗಿ ಬದುಕು.”

ಓದುವ, ಕೇಳುವ ತಾಯಂದಿರೇ, ಅಣ್ಣಂದಿರೇ, ನಿಮ್ಮ ಬಾಗಿಲ ಕಸವನ್ನು ಚರಂಡಿಗೆ ತಳ್ಳಬೇಡಿ, ಅದು ಎಲ್ಲಿಗೂ ಹೋಗುವುದಿಲ್ಲ. ಹಸಿ, ಒಣ, ಪ್ಲಾಸ್ಟಿಕ್ ಬೇರೆ ಬೇರೆ ಇಡಿ. ಚರಂಡಿಯ ಹೂಳು ತೆಗೆದರೆ ಅಂದೇ ಸಾಗಿಸಿ. ಹಲವರಿಗೆ ಸೇರಿದ ಮನೆಯಾದರೆ ಪಾಳಿ ಹಚ್ಚಿಕೊಳ್ಳಿ. ಸೋರುವ ಸೂರನ್ನು, ಕಟ್ಟಿಕೊಂಡ ಚರಂಡಿಯನ್ನು ಸರಿಮಾಡಲು ನೆಂಟರು ಬರುವ ದಿನಕ್ಕಾಗಿ ಕಾಯಬೇಡಿ. ಅದರಲ್ಲಿ ಬದುಕುತ್ತಿರುವವರು ಇವತ್ತು ಮನೆಯಲ್ಲೇ ಇದ್ದಾರೆ.