ರಾಜನಿಗೊಂದು ಜಿಗಿತ

ಫೋನು ಕೆಟ್ಟಿದೆ ಎಂದು ಸರ್ವಮಂಗಳಾ ತೀರ್ಮಾನ ಮಾಡಿಬಿಟ್ಟಳು. ಇನ್ನೇನು ಮತ್ತೆ? ಚದುರಂಗದ ರಾಜನನ್ನು ಬೆರಳಲ್ಲಿ ಒತ್ತಿ ಹಿಡಿದು, ಕುದುರೆಯ ಹಾಗೆ ಎರಡೂವರೆ ಮನೆ ಹಾರಿಸಿದರೆ, ಆ ಹಾಳು ರಾಜ ತಿರುಗಿ ಬಂದು ಮೊದಲಿನ ಮನೆಯಲ್ಲೇ ನಿಲ್ಲುತ್ತಾನೆ. ಇನ್ನೊಂದು ಸಲ ಒತ್ತಿದಳು. ಇನ್ನೊಂದು ಸಲ ವಾಪಸ್.

"ಉಮರ್, ಇದನ್ನ ಸ್ವಲ್ಪ ನೋಡು ಮಾರಾಯ. ರಾಜ ಜಾಮ್ ಆಗಿದಾನೆ."

ಉಮರ್ ಫಾರೂಕ್ ಸಂಸೆಯ ಜೀಪ್ ಮೆಕ್ಯಾನಿಕ್. ಸುತ್ತಲಿನ ಎಸ್ಟೇಟುಗಳಲ್ಲಿ ಹತ್ತದೆ ನಿಂತ ಜೀಪುಗಳನ್ನೆಲ್ಲ ಬೈದು, ಒದ್ದು, ಮುದ್ದು ಮಾಡಿ ಹತ್ತಿಸಿದವನು. ಅವನು ಲುಂಗಿಗೆ ಬೆರಳು ಒರೆಸಿಕೊಂಡು ತಾನೂ ಒತ್ತಿ ನೋಡಿದ. ಫೋನನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಆಮೇಲೆ ಬಲು ಗಂಭೀರವಾಗಿ ಹೇಳಿದ: "ಇದು ನನ್ನ ಲೈನ್ ಅಲ್ಲ ಅಕ್ಕಾ. ಸಾಫ್ಟ್‌ವೇರ್ ಪ್ರಾಬ್ಲಂ."

ಆ ಆಟವನ್ನು ಫೋನಿಗೆ ಹಾಕಿಕೊಟ್ಟಿದ್ದ ಸೊಸೆ ದಿವ್ಯಾ ಅಷ್ಟು ಹೊತ್ತಿಗೆ ಕಾಫಿ ಒಣಗಿಸುವ ಕಣಕ್ಕೆ ಚಹಾ ತಂದಳು. ಇಬ್ಬರ ಮುಖ ನೋಡಿದಳು, ಫೋನು ನೋಡಿದಳು. ನಗು ತಡೆಯಲಿಕ್ಕೆ ಹೋಗಿ ಕೆಮ್ಮಿದಳು.

"ಫೋನು ಸರಿಯಾಗೇ ಇದೆ ಅತ್ತೆ. ಚೆಸ್‌ನಲ್ಲಿ ರಾಜ ಹಾಗೆ ಹಾರೋ ಹಾಗೇ ಇಲ್ಲ."

ಹಾರೋ ಹಾಗಿಲ್ಲವಂತೆ! ಸರ್ವಮಂಗಳಾ ಮದುವೆಯಾಗಿ ಈ ಮನೆಗೆ ಬಂದ ವರ್ಷದಿಂದ ರಾಜ ಹಾರುತ್ತಲೇ ಇದ್ದಾನಲ್ಲ!

ಆ ಕತೆ ಹೀಗೆ. ಕಾಫಿ ಕೊಯ್ಲು ಶುರುವಾದರೆ ಹಣ್ಣು ಬಂದು ಕಣಕ್ಕೆ ಬೀಳುತ್ತದೆ. ಅದು ಒಣಗುವವರೆಗೂ ಯಾರಾದರೂ ಅಲ್ಲಿ ಕೂತಿರಲೇಬೇಕು. ದನ ನುಗ್ಗುತ್ತದೆ, ಕೋಳಿ ಕೆದರುತ್ತದೆ, ಮಂಗ ಬಂದರಂತೂ ಕೇಳುವುದೇ ಬೇಡ. ಹಾಗೆ ಕೂತು ಕೂತು ಬೇಜಾರಾಗಿ ಸರ್ವಮಂಗಳೆಯ ಮಾವ ಗುರುವಯ್ಯನವರು ಕಣದ ಅಂಚಿನ ಸಿಮೆಂಟ್ ಕಟ್ಟೆಯ ಮೇಲೆ ಕಪ್ಪು ಪೇಂಟಿನಲ್ಲಿ ಚದುರಂಗದ ಮನೆ ಬರೆದರು. ಹೊಸ ಸೊಸೆಯನ್ನು ಎದುರು ಕೂರಿಸಿಕೊಂಡು ಆಟ ಕಲಿಸಿದರು. ಎರಡು ಕಾನೂನು ಮಾಡಿದರು. ಒಂದು, ಸೋತವರು ಗೋರುಮಣೆ ಹಿಡಿದು ಇಡೀ ಕಣದ ಕಾಫಿಯನ್ನು ಒಮ್ಮೆ ಎಳೆದು ಮಗುಚಬೇಕು. ಎರಡು, ರಾಜನಿಗೆ ಆಟಕ್ಕೆ ಒಂದು ಸಲ ಕುದುರೆ ಜಿಗಿತ ಉಂಟು. ಎಷ್ಟೇ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಿರಲಿ, ಒಂದು ಸಲ ಹಾರಬಹುದು.

ಮಾವ ಹೋದ ಮೇಲೆ ಉಮರ್ ಸಿಕ್ಕಿದ. ಮೂಟೆ ಸಾಗಿಸಲು ಜೀಪು ತಂದವನು ಒಂದಾಟಕ್ಕೆ ಕೂತ, ಆಮೇಲೆ ಪ್ರತಿ ಕೊಯ್ಲಿಗೂ ಬಂದ. ಕಳೆದುಹೋದ ಒಂದು ಒಂಟೆಯ ಬದಲಿಗೆ ಸ್ಪಾರ್ಕ್ ಪ್ಲಗ್ ತಂದು ನಿಲ್ಲಿಸಿದವನೂ ಅವನೇ. ಪಾಪ, ಸೋತು ಸೋತು ಆ ಕಣದ ಕಾಫಿಯನ್ನು ಅವನು ಮಗುಚಿದಷ್ಟು ಮನೆಯ ಆಳುಗಳೂ ಮಗುಚಿರಲಿಕ್ಕಿಲ್ಲ.

"ಅಂದ್ರೆ ಇಷ್ಟು ವರ್ಷ ನಾನು ಎಳೆದದ್ದೆಲ್ಲ ಬಿಟ್ಟಿ ಚಾಕರಿಯಾ?" ಎಂದ ಉಮರ್. ಅವನ ಮುಖ ನೋಡಿ ದಿವ್ಯಾಗೆ ಚಹಾದ ತಟ್ಟೆ ಕೆಳಗಿಡಬೇಕಾಯಿತು, ಅಷ್ಟು ನಗು.

ಸರ್ವಮಂಗಳೆಗೆ ನಗು ಬರಲಿಲ್ಲ. "ಹಾಗಾದ್ರೆ ನಿನ್ನ ಬುಕ್ಕಿನ ರೂಲಲ್ಲೇ ಆಡುವ, ಕೂತ್ಕೋ" ಎಂದಳು ಸೊಸೆಗೆ.

ಕೂತಳು. ಚಹಾ ಆರುವ ಮೊದಲೇ ಅತ್ತೆ ಸೋತಳು. ಇನ್ನೊಂದಾಟ ಆಡಿದರು. ಅದೂ ಹೋಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಸರ್ವಮಂಗಳಾ ಗೋರುಮಣೆ ಎಳೆಯುತ್ತಿದ್ದರೆ ಉಮರ್ ಕಟ್ಟೆಯ ಮೇಲೆ ಕಾಲು ಚಾಚಿ, "ಆ ಮೂಲೆ ಬಿಟ್ಟೋಯ್ತಲ್ಲ ಅಕ್ಕಾ" ಎಂದು ಮೇಸ್ತ್ರಿಯ ಹಾಗೆ ಕೈ ತೋರಿಸಿದ.

ಅವತ್ತು ಅವಳಿಗೆ ಊಟ ಸೇರಲಿಲ್ಲ. ಸೋತದ್ದಕ್ಕಲ್ಲ. ಸೋಲು ಯಾರಿಗಿಲ್ಲ? ಇಷ್ಟು ವರ್ಷ ಗೆದ್ದದ್ದು ತಾನೋ, ಆ ಜಿಗಿತವೋ ಎನ್ನುವುದು ಅವಳನ್ನು ಕೊರೆಯುತ್ತಿತ್ತು. ಅಡುಗೆ, ಆಳು, ತೋಟ ಎಂದು ಬದುಕಿನಲ್ಲಿ ಹತ್ತು ಕೆಲಸ ಮಾಡಿದ್ದಳು, ಯಾವುದೂ ತನ್ನ ಸಂತೋಷಕ್ಕೆಂದು ಮಾಡಿದ್ದಲ್ಲ. ತನ್ನದು ಅಂತ ಇದ್ದದ್ದು ಇದೊಂದೇ ಆಟ. ಅದೂ ಸುಳ್ಳಾದರೆ?

ಈ ಕಣದಲ್ಲಿ ಕಾಫಿ ಇರುವುದರೊಳಗೆ ಬುಕ್ಕಿನ ರೂಲಲ್ಲಿ ದಿವ್ಯಾಳನ್ನು ಒಂದು ಸಲ ಸೋಲಿಸಬೇಕು. ಒಂದೇ ಸಲ ಸಾಕು. ಕಾಫಿ ಮುಗಿದರೆ ಕಣ ಖಾಲಿ. ದಿವ್ಯಾಗೆ ಮೂಡಿಗೆರೆಯಲ್ಲಿ ಕೆಲಸ ಸಿಕ್ಕಿತ್ತು, ಕೊಯ್ಲು ಮುಗಿಯುತ್ತಲೇ ಗಂಡ ಪ್ರಶಾಂತನ ಜೊತೆ ಅಲ್ಲೇ ಮನೆ ಮಾಡುವವಳಿದ್ದಳು. ಆಮೇಲೆ ಅತ್ತೆ ಆಡುವುದು ಯಾರ ಹತ್ತಿರ?

ಒಳ್ಳೆಯ ಹುಡುಗಿಯೇ ಅವಳು. ತರೀಕೆರೆಯವಳು, ಶಾಲೆಯಲ್ಲಿ ಚೆಸ್ ಆಡಿ ಕಪ್ ತಂದವಳು. ಆದರೆ ಈ ಮನೆಯಲ್ಲಿ ಇನ್ನೂ ನೆಂಟರ ಹಾಗೆ ತುದಿಗಾಲಲ್ಲಿ ನಡೆಯುತ್ತಿದ್ದಳು. "ನಿಮ್ಮನೇಲಿ ಸಾರಿಗೆ ಬೆಲ್ಲ ಹಾಕ್ತೀರಾ?" ಎಂದು ಕೇಳುವವಳು. ಅತ್ತೆ ಸೊಸೆ ಮುಖ ಕೊಟ್ಟು ಮಾತಾಡಿದ್ದು ಈ ಕಟ್ಟೆಗೆ ಬಂದ ಮೇಲೆಯೇ.

ಮಾರನೆಯ ದಿನ ಸರ್ವಮಂಗಳಾ ನೇರವಾಗಿ ಕೇಳಿದಳು. "ನಾನು ಎಲ್ಲಿ ತಪ್ತೀನಿ ಹೇಳು. ಅತ್ತೆ ಅಂತ ನೋಡಬೇಡ."

ದಿವ್ಯಾ ಸ್ವಲ್ಪ ಹಿಂದೆ ಮುಂದೆ ನೋಡಿದಳು. "ನಿಮಗೆ ರಾಜನ ಚಿಂತೆಯೇ ಇಲ್ಲ ಅತ್ತೆ. ನಡುಬೀದಿಯಲ್ಲಿ ಬಿಟ್ಟು ಬೇಟೆಗೆ ಹೋಗ್ತೀರಿ. ಬೇಕಾದಾಗ ಹಾರಿಬಿಡ್ತಾನೆ ಅಂತ ಅಭ್ಯಾಸ ಆಗಿದೆ."

"ಹೂಂ. ಮತ್ತೆ?"

"ಪುಕ್ಕಟೆ ಏನು ಸಿಕ್ಕಿದ್ರೂ ತಗೊಂಡುಬಿಡ್ತೀರಿ. ಎದುರಿನವಳು ಒಂದು ಕಾಯಿ ಇಟ್ಟಳು ಅಂದ್ರೆ, ಅಲ್ಲೇ ಯಾಕೆ ಇಟ್ಟಳು ಅಂತ ಮೊದಲು ಕೇಳಬೇಕು."

"ಸಂತೆಯಲ್ಲಿ ಕೇಳಲ್ವಾ ನಾನು? ಇಷ್ಟು ಅಗ್ಗಕ್ಕೆ ಯಾಕೆ ಕೊಡ್ತಿದೀಯ ಅಂತ?"

"ಅದೇ ಅತ್ತೆ, ಅದೇ!"

ಅಲ್ಲಿಂದ ಶುರುವಾಯಿತು. ರಾಜನನ್ನು ಮೊದಲು ಮೂಲೆಯ ಕೋಟೆಗೆ ಕಳಿಸಿ ಆಮೇಲೆ ಉಳಿದ ಮಾತು. ಎದುರಿನ ಪ್ರತಿ ನಡೆಗೂ "ಯಾಕೆ ಇಟ್ಟಳು ಇವಳು?" ಎಂದು ಗಟ್ಟಿಯಾಗಿಯೇ ಗೊಣಗುವುದು. ಸೋತ ಆಟವನ್ನು ತಿರುಗಿ ಜೋಡಿಸಿ, ಎಲ್ಲಿ ಹಾಳಾಯಿತು ಎಂದು ಇಬ್ಬರೂ ಹುಡುಕುವುದು. ಸೋಲು ಮಾತ್ರ ತಪ್ಪಲಿಲ್ಲ, ಆದರೆ ಹೊತ್ತು ಹಿಡಿಯತೊಡಗಿತು. ಮೊದಲು ಚಹಾ ಆರುವುದರೊಳಗೆ ಮುಗಿಯುತ್ತಿದ್ದ ಆಟ ಈಗ ಊಟದ ಹೊತ್ತನ್ನೂ ದಾಟುತ್ತಿತ್ತು. ಒಂದು ದಿನ ಮಂಗಗಳು ಬಂದು ಕಣದ ತುದಿಯಲ್ಲಿ ಸಭೆ ಸೇರಿದರೂ ಇಬ್ಬರಿಗೂ ಗೊತ್ತಾಗಲಿಲ್ಲ. ಉಮರ್ ಬಂದು ಕೂಗಾಡಿ ಓಡಿಸಬೇಕಾಯಿತು.

ಇನ್ನೊಂದು ಸಂಗತಿಯನ್ನು ದಿವ್ಯಾ ಗಮನಿಸಿದಳು. "ಅತ್ತೆ, ನಿಮ್ಮ ಕುದುರೆ ಕಂಡ್ರೆ ನನಗೆ ಭಯ. ಎಲ್ಲಿಂದ ಬರುತ್ತೆ ಅಂತಲೇ ತಿಳಿಯೋದಿಲ್ಲ."

ತಿಳಿಯುವುದು ಹೇಗೆ? ಯಾವ ಮನೆಯಿಂದ ಹಾರಿದರೆ ಯಾವ ಮನೆ ಎಂದು ಸರ್ವಮಂಗಳೆಯ ಕಣ್ಣು ವರ್ಷಗಟ್ಟಲೆ ಅಳೆದಿತ್ತು. ರಾಜನಿಗೆಂದು ಕಲಿತದ್ದು ಕುದುರೆಗೆ ಬಂತು. ಮಾವನ ಪಾಠ ಪೂರ್ತಿ ಸುಳ್ಳಲ್ಲ ಎಂದು ಅವಳಿಗೆ ಅವತ್ತು ಎಷ್ಟು ಹಾಯೆನಿಸಿತೆಂದರೆ, ಸೋತಿದ್ದರೂ ಹಾಡು ಗುನುಗುತ್ತ ಗೋರುಮಣೆ ಎಳೆದಳು.

ದಿನ ಹೋದದ್ದೇ ಗೊತ್ತಾಗಲಿಲ್ಲ. ಕಾಫಿ ಒಣಗಿ ಗಲಗಲ ಎನ್ನತೊಡಗಿತು. ಮಧ್ಯಾಹ್ನ ಒಂದು ಸಲ ಮಗುಚಿದರೆ ಆಯಿತು, ಸಂಜೆ ಮೂಟೆ ಕಟ್ಟುವುದು ಎಂದು ತೀರ್ಮಾನವಾದ ದಿನ ಉಮರ್ ಜೀಪು ತಂದು ನಿಲ್ಲಿಸಿದ. ಕಟ್ಟೆಯ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತ. "ಕೊನೇ ಆಟ. ಇವತ್ತು ನಾನು ಉಸಿರೂ ಬಿಡಲ್ಲ" ಎಂದ. ಉಸಿರು ಬಿಡದೆ ಇರುವುದು ಅವನಿಂದ ಆಗುವ ಕೆಲಸವಲ್ಲ, ಆದರೂ ಬಾಯಿ ಮುಚ್ಚಿಕೊಂಡಿದ್ದ.

ಆಟ ಸಮಸಮವಾಗಿ ಹೋಯಿತು. ದಿವ್ಯಾಳ ರಾಜ ಕೋಟೆಯೊಳಗೆ, ಮುಂದೆ ಮೂರು ಕಾಲಾಳುಗಳ ಗೋಡೆ, ಹಿಂದಿನ ಸಾಲಿಗೆ ಒಂದು ಆನೆಯ ಕಾವಲು. ಸರ್ವಮಂಗಳಾ ಗಲ್ಲಕ್ಕೆ ಕೈ ಕೊಟ್ಟು ಕೂತಳು. ಎಷ್ಟು ಹೊತ್ತು ಕೂತಳೆಂದರೆ, "ಅಕ್ಕಾ, ನಿದ್ದೆಯಾ?" ಎಂದು ಉಮರ್ ಕೇಳಿಯೇಬಿಟ್ಟ. ಅವಳು ಕುದುರೆ ಎತ್ತಿ ದಿವ್ಯಾಳ ಮಂತ್ರಿಯ ಮೇಲೆ ಬೀಳುವ ಹಾಗೆ ಇಟ್ಟಳು. ಆದರೆ ಆ ಮನೆಯ ಮೇಲೆ ಅವಳ ಕಾವಲಿನ ಆನೆಯ ಕಣ್ಣಿತ್ತು. ಕುದುರೆ ಪುಕ್ಕಟೆ ಬಿದ್ದಿತ್ತು.

"ಅಯ್ಯೋ ಅತ್ತೆ!" ಎಂದಳು ದಿವ್ಯಾ, ನಿಜವಾದ ಮರುಕದಲ್ಲಿ. ಹಾಗೆನ್ನುತ್ತಲೇ ಆನೆಯಿಂದ ಕುದುರೆಯನ್ನು ಹೊಡೆದಳು.

ಯಾಕೆ ಇಟ್ಟಳು ಎಂದು ಅವಳು ಕೇಳಲಿಲ್ಲ.

ಸರ್ವಮಂಗಳಾ ತನ್ನ ಆನೆಯನ್ನು ತಳ್ಳಿದಳು, ಕಾವಲಿಲ್ಲದ ಆ ಹಿಂದಿನ ಸಾಲಿಗೆ, ಸೀದಾ.

"ಚೆಕ್."

ದಿವ್ಯಾ ಬಗ್ಗಿ ನೋಡಿದಳು. ಅಡ್ಡ ಇಡಲು ಕಾಯಿಯಿಲ್ಲ. ಮುಂದೆ ಹೋಗೋಣವೆಂದರೆ ತನ್ನದೇ ಕಾಲಾಳುಗಳ ಗೋಡೆ. ತುಟಿ ಕಚ್ಚಿಕೊಂಡಳು. ಆಮೇಲೆ ಒಂದೇ ಏಟಿಗೆ ರಾಜನನ್ನು ಎತ್ತಿ, ಗೋಡೆಯ ಮೇಲಿಂದ ಎರಡೂವರೆ ಮನೆ ಹಾರಿಸಿ, ಆಚೆ ಕಡೆ ಟಕ್ಕೆಂದು ಕೂರಿಸಿದಳು.

"ಆಟಕ್ಕೆ ಒಂದು ಸಲ ಉಂಟು!" ಎಂದು ಕೂಗಿದಳು. "ನಮ್ಮನೆ ರೂಲು!"

ಉಮರ್‌ನ ಬಾಯಿ ತೆರೆದದ್ದು ತೆರೆದೇ ಇತ್ತು. ತಾನು ಮಾಡಿದ್ದೇನೆಂದು ಹೊಳೆದದ್ದೇ ದಿವ್ಯಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು, ಕಿವಿಯವರೆಗೂ ಕೆಂಪಾಗಿ.

ಸರ್ವಮಂಗಳಾ ನಕ್ಕಳು. ಕಣ್ಣಲ್ಲಿ ನೀರು ಬರುವವರೆಗೂ, ಕಟ್ಟೆ ಹಿಡಿದುಕೊಂಡು ನಕ್ಕಳು. ಗೆದ್ದೆನೆಂಬ ಖುಷಿ ಇತ್ತು, ಅದರ ಬೆನ್ನಿಗೇ ಅದಕ್ಕಿಂತ ದೊಡ್ಡ ಇನ್ನೊಂದು ಖುಷಿ ಬಂದು ಕೂತಿತ್ತು: 'ನಿಮ್ಮನೆ' ಎನ್ನುತ್ತಿದ್ದವಳು 'ನಮ್ಮನೆ' ಎಂದಿದ್ದಳು. ಸೊಸೆಯ ಕೈಯನ್ನು ಮುಖದಿಂದ ಬಿಡಿಸಿ, ರಾಜನನ್ನು ಎತ್ತಿ ಮೊದಲಿನ ಮನೆಗೇ ವಾಪಸ್ ಇಟ್ಟಳು, ಆ ಫೋನು ಇಟ್ಟ ಹಾಗೆಯೇ.

"ಇಲ್ಲ ಕಣೇ. ಬುಕ್ಕಿನ ರೂಲು. ಸೋತೆ ನೀನು" ಎಂದು ಗೋರುಮಣೆಯನ್ನು ಅವಳ ಕೈಗೆ ಕೊಟ್ಟಳು.

ದಿವ್ಯಾ ನೈಟಿಯನ್ನು ಸೊಂಟಕ್ಕೆ ಸಿಕ್ಕಿಸಿ ಕಣಕ್ಕಿಳಿದಳು. ಒಣ ಕಾಫಿ ಗಲಗಲ ಎಂದಿತು. "ಆ ಮೂಲೆ, ಆ ಮೂಲೆ" ಎಂದು ಉಮರ್ ಕೈ ತೋರಿಸುತ್ತಿದ್ದ. ಸರ್ವಮಂಗಳಾ ಸ್ಪಾರ್ಕ್ ಪ್ಲಗ್ಗನ್ನು ಸೆರಗಿನಲ್ಲಿ ಒರೆಸಿ ಅದರ ಮನೆಯಲ್ಲಿ ನಿಲ್ಲಿಸಿ, ಉಳಿದ ಕಾಯಿಗಳನ್ನೂ ಜೋಡಿಸಿದಳು.

"ಬೇಗ ಮುಗಿಸಿ ಬಾ ಮಾರಾಯ್ತಿ" ಎಂದು ಕೂಗಿದಳು. "ಮೂಟೆ ಕಟ್ಟೋದ್ರೊಳಗೆ ಇನ್ನೊಂದಾಟ ಆಗ್ಲಿ. ಈ ಸಲ ಇಬ್ಬರಿಗೂ ಒಂದೊಂದು ಜಿಗಿತ ಉಂಟು."